ಹೇಳಿ ಹೋದವನ ಹೊಣೆ

ಮನೆಯಿಂದ ಹೊರಡುವವರು ಹೊಸ್ತಿಲ ಬಳಿ ನಿಂತು ಹೇಳಿ ಹೋಗುವ ಮಾತುಗಳನ್ನು ನೀವು ಗಮನಿಸಿರಬಹುದು. ‘ಹಾಲು ಕಾಯಿಸಿಡು. ಸಂಜೆ ಐದಕ್ಕೆ ಮೇಲಿನ ಗದ್ದೆಯ ನೀರು ಕಟ್ಟು. ಮೋಡ ಆದರೆ ಕಣದ ಕಾಫಿ ರಾಶಿ ಮಾಡಿಸಿ ಟಾರ್ಪಾಲು ಮುಚ್ಚಿಸು.’ ಮೂರೂ ಅಪ್ಪಣೆಗಳೇ. ಮೂರನೆಯದರಲ್ಲಿ ಮಾತ್ರ ಒಂದು ‘ಆದರೆ’ ಇದೆ. ಅದನ್ನು ಹೇಳಿದವನಿಗೆ ತಾನು ಊರಲ್ಲಿಲ್ಲದ ಹೊತ್ತಿನಲ್ಲಿ ಆಕಾಶ ಬೇರೆಯಾಗಬಹುದೆಂಬ ಅರಿವಿದೆ. ಕೇಳಿಸಿಕೊಂಡವನಿಗೂ ಕಣ್ಣಿದೆ ಎಂಬ ನಂಬಿಕೆ ಇದೆ. ನಾವು ದಿನವೂ ಕೊಡುವ ಅಪ್ಪಣೆಗಳಲ್ಲಿ ಇಂಥ ‘ಆದರೆ’ಗಳು ಎಷ್ಟಿವೆ ಎಂದು ಎಣಿಸಿದರೆ ಬಹಳ ಕಡಿಮೆ ಸಿಗುತ್ತವೆ.

ಹೇಳಿದವನು ಊರಲ್ಲಿಲ್ಲ. ಮಾಡಿದವನು ಹೇಳಿದ ಹಾಗೆಯೇ ಮಾಡಿದ. ಕೆಲಸ ಕೆಟ್ಟಿತು. ಹೊಣೆ ಯಾರದು? ಪ್ರಶ್ನೆ ಹಳೆಯದೇ. ನನ್ನ ತಲೆಯಲ್ಲಿ ಇದು ಮತ್ತೆ ಹೊಕ್ಕದ್ದು ಒಂದು ಕಂಪ್ಯೂಟರಿನ ದೆಸೆಯಿಂದ. ಕಂಪ್ಯೂಟರು ಎಂದ ಕೂಡಲೇ ಪುಟ ತಿರುವುವ ಓದುಗರು ಸ್ವಲ್ಪ ತಾಳಬೇಕೆಂದು ಕೇಳಿಕೊಳ್ಳುತ್ತೇನೆ. ಅದರ ವಿಷಯದಲ್ಲಿ ನಾನೂ ಅಂಥ ಪಂಡಿತನಲ್ಲ. ಐದೆಕರೆ ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡಿರುವವನು.

ಆಲೂರು ತಾಲ್ಲೂಕಿನ ನಮ್ಮ ಕುಂದೂರು ಹೋಬಳಿ ಬಯಲು ಮುಗಿದು ಮಲೆ ಶುರುವಾಗುವ ಜಾಗ. ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಈ ಕಡೆಯ ಒಂದು ಶಾಲೆಗೆ 2022ರಲ್ಲಿ ಆರು ಹಳೆಯ ಕಂಪ್ಯೂಟರುಗಳು ದಾನವಾಗಿ ಬಂದವು. ಅವುಗಳಲ್ಲಿದ್ದ ವಿಂಡೋಸ್ 7ಕ್ಕೆ ಅದನ್ನು ಮಾಡಿದ ಕಂಪೆನಿ 2020ರ ಜನವರಿ 14ಕ್ಕೇ ತನ್ನ ಬೆಂಬಲ ನಿಲ್ಲಿಸಿತ್ತು. ಹೊಸ ವಿಂಡೋಸನ್ನು ಹೊರುವ ಶಕ್ತಿ ಆ ಮುದಿ ಯಂತ್ರಗಳಿಗಿರಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ಶಾಲೆಯವರು ಇಳಿಸಿಕೊಂಡು ಗೋಣಿತಾಟು ಹೊದಿಸಿ ಇಟ್ಟರು. (2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿದಿರುವುದರಿಂದ ಇನ್ನು ಇಂಥ ದಾನಗಳು ಹೆಚ್ಚಾದಾವು.)

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಆ ವರ್ಷದ ದೀಪಾವಳಿಗೆ ಬಂದವನು ವಿಷಯ ಕೇಳಿ, ‘ಅದಕ್ಕೇನ್ ಮಾವ, ಲಿನಕ್ಸ್ ಹಾಕೋಣ. ಕುದುರೆ ಥರಾ ಓಡ್ತವೆ’ ಎಂದ. ಲಿನಕ್ಸ್ ಎಂದರೆ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ, ಆಮೇಲೆ ಜಗತ್ತಿನ ಸಾವಿರಾರು ಜನ ಕೈಹಚ್ಚಿ ಬೆಳೆಸಿದ ವ್ಯವಸ್ಥೆ. ದುಡ್ಡು ಕೊಡಬೇಕಿಲ್ಲ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಶಾಲೆಗಳಿಗೆ ಇದು ವಿಚಿತ್ರವೇನಲ್ಲ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯಲ್ಲಿ ಶಾಲೆಗಳೆಲ್ಲ ಲಿನಕ್ಸಿನಲ್ಲೇ ಕಲಿಯುತ್ತವೆ. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ನೀರು ಕುಡಿದಷ್ಟು ಸಹಜ.

ಆರೂ ಯಂತ್ರಗಳ ಮುಂದೆ ಕೂತು ಒಂದೊಂದೇ ಆಜ್ಞೆ ಒತ್ತುವಷ್ಟು ರಜೆ ಅವನಿಗಿರಲಿಲ್ಲ. ಆದ್ದರಿಂದ ಒಂದು ಸ್ಕ್ರಿಪ್ಟು ಬರೆದ. ಸ್ಕ್ರಿಪ್ಟು ಎಂದರೆ ಬೇರೇನೂ ಅಲ್ಲ, ಹೊಸ್ತಿಲ ಬಳಿ ನಿಂತು ಹೇಳಿ ಹೋಗುವ ಮಾತುಗಳ ಚೀಟಿ. ಯಂತ್ರ ಅದನ್ನು ಮೇಲಿನಿಂದ ಕೆಳಗೆ ಓದಿಕೊಂಡು ಒಂದೊಂದು ಸಾಲನ್ನೂ ಮಾಡುತ್ತ ಹೋಗುತ್ತದೆ. ಚೀಟಿಯನ್ನು ಪೆನ್‌ಡ್ರೈವಿಗೆ ಹಾಕಿ, ಶಾಲೆಯ ಅತಿಥಿ ಶಿಕ್ಷಕಿಯೊಬ್ಬರ ಕೈಗೆ ಕೊಟ್ಟು, ‘ಮೇಡಂ, ಪ್ರತಿಯೊಂದಕ್ಕೂ ಇದನ್ನ ಸಿಕ್ಕಿಸಿ ಇದೊಂದು ಹೆಸರು ಟೈಪ್ ಮಾಡಿ, ಅಷ್ಟೆ’ ಎಂದು ಹೇಳಿ ರಾತ್ರಿ ಬಸ್ಸಿಗೆ ಹೊರಟುಹೋದ. ಆ ಟೀಚರು ಎರಡು ದಿನದಲ್ಲಿ ಆರನ್ನೂ ಮುಗಿಸಿದರು. ಆರೂ ಹೊತ್ತಿಕೊಂಡವು. ಐದನ್ನು ಮಕ್ಕಳ ಕೋಣೆಯಲ್ಲಿಟ್ಟರು. ಒಂದನ್ನು ಆಫೀಸಿನಲ್ಲಿಟ್ಟು ಇಂಟರ್ನೆಟ್ಟಿನ ಕೇಬಲ್ಲನ್ನೂ ಪ್ರಿಂಟರನ್ನೂ ಅದಕ್ಕೆ ಕೊಟ್ಟರು.

ಇಲ್ಲಿ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ವಿಂಡೋಸಿನಲ್ಲಿ ಡಿಸ್ಕಿನ ಒಂದೊಂದು ಭಾಗಕ್ಕೂ ಸಿ, ಡಿ ಎಂದು ಬೇರೆ ಬೇರೆ ಮನೆ. ಲಿನಕ್ಸಿನಲ್ಲಿ, ಅದಕ್ಕೂ ಹಿಂದಿನ ಯುನಿಕ್ಸಿನಲ್ಲಿ, ಮನೆ ಒಂದೇ. ಡಿಸ್ಕಿನ ಬೇರೊಂದು ಭಾಗ ಬೇಕೆಂದರೆ ಅದನ್ನು ಮನೆಯೊಳಗಿನ ಒಂದು ಗೂಡಿಗೆ ತಂದು ಕೂರಿಸಬೇಕು. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ದೀಪದ ಗೂಡು ಇರುತ್ತಿತ್ತಲ್ಲ, ಆ ಗೂಡಿನೊಳಕ್ಕೆ ಸರಿಯಾಗಿ ಕೂರುವ ಒಂದು ಕಬ್ಬಿಣದ ಪೆಟ್ಟಿಗೆಯನ್ನು ತಳ್ಳಿದಂತೆ. ಪೆಟ್ಟಿಗೆ ಕೂತ ಮೇಲೆ ನೀವು ಆ ಗೂಡಿಗೆ ಹಾಕಿದ್ದೆಲ್ಲ ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆ ಕೂರದಿದ್ದರೆ? ಗೂಡಂತೂ ಅಲ್ಲೇ ಇದೆ, ಹೆಸರೂ ಅದೇ. ಹಾಕಿದ್ದು ಗೋಡೆಯ ಗೂಡಿನೊಳಗೇ ಕೂರುತ್ತದೆ. ಹಾಕಿದವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮೇಲೆ ಯಾರಾದರೂ ಪೆಟ್ಟಿಗೆ ತಳ್ಳಿದರೆ ಮೊದಲು ಹಾಕಿದ್ದೆಲ್ಲ ಅದರ ಹಿಂದೆ ಮರೆಯಾಗುತ್ತದೆ. ಹಾಳಾಗುವುದಿಲ್ಲ, ಕಾಣುವುದಿಲ್ಲ, ಅಷ್ಟೆ.

ಯಂತ್ರ ಎದ್ದೇಳಲು ಬೇಕಾದ ಸಾಮಾನುಗಳಿರುವ ಗೂಡಿನ ಹೆಸರು ಬೂಟ್. ಲಿನಕ್ಸಿನ ತಿರುಳಾದ ಕರ್ನೆಲ್ ಇರುವುದು ಅಲ್ಲಿ. ಇದಕ್ಕೆ ಡಿಸ್ಕಿನಲ್ಲಿ ಪ್ರತ್ಯೇಕ ಭಾಗ ಯಾಕೆ ಎಂದು ನಾನು ಕೇಳಿದೆ. ಒಂದು ಕಾಲದಲ್ಲಿ ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬುದು ಡಿಸ್ಕಿನ 1024ನೆಯ ಸಿಲಿಂಡರಿನ ಆಚೆಗೆ ಓದಲಾರದಾಗಿತ್ತಂತೆ, ಅಂದರೆ ಅಂದಿನ ಲೆಕ್ಕದಲ್ಲಿ ಮೊದಲ ಸುಮಾರು 504 ಎಂಬಿಯಷ್ಟೆ. ಹಾಗಾಗಿ ಕರ್ನೆಲ್ಲನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕಾಗಿತ್ತು. ಆ ತೊಡಕು ಹೋಗಿ ಎಷ್ಟೋ ವರ್ಷವಾಯಿತು. ಶ್ರಾದ್ಧದ ದಿನ ಬೆಕ್ಕು ಕಾಟ ಕೊಡುತ್ತದೆಂದು ಅಜ್ಜ ಅದನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದ. ಮೊಮ್ಮಗ ಶ್ರಾದ್ಧಕ್ಕೆಂದು ಬೆಕ್ಕು ಹುಡುಕಿಕೊಂಡು ಹೋದ ಎಂಬ ಕತೆ ನೆನಪಾಯಿತು. ‘ಹಾಗಲ್ಲ ಮಾವ, ಡಿಸ್ಕಿಗೆಲ್ಲ ಗುಪ್ತಲಿಪಿಯ ಬೀಗ ಹಾಕಿದರೆ ಈಗಲೂ ಬೂಟ್ ಹೊರಗಿರಬೇಕು’ ಎಂದ. ಶಾಲೆಯ ಯಂತ್ರಗಳಿಗೆ ಅಂಥ ಬೀಗವೇನೂ ಇರಲಿಲ್ಲ. ಇರಲಿ.

ಅವನ ಚೀಟಿಯ ಸಾಲುಗಳು ಹೀಗಿದ್ದವು: ಡಿಸ್ಕನ್ನು ಭಾಗ ಮಾಡು, ಮುಖ್ಯ ಭಾಗವನ್ನು ಮೌಂಟ್ ಮಾಡು, ಅದರೊಳಗೆ ಬೂಟ್ ಎಂಬ ಗೂಡು ಮಾಡು, ಬೂಟಿನ ಭಾಗವನ್ನು ಆ ಗೂಡಿಗೆ ಮೌಂಟ್ ಮಾಡು, ವ್ಯವಸ್ಥೆಯನ್ನೆಲ್ಲ ಅದರೊಳಕ್ಕೆ ಸುರಿ, ಮುಂದೆ ಯಂತ್ರ ಪ್ರತಿ ಸಲ ಎದ್ದಾಗ ಯಾವುದನ್ನು ಎಲ್ಲಿ ಕೂರಿಸಬೇಕೆಂಬ ಪಟ್ಟಿ ಬರೆ, ಎಬ್ಬಿಸುವವನನ್ನು ಡಿಸ್ಕಿನ ಬಾಗಿಲಲ್ಲಿ ಕೂರಿಸು. ಕ್ರಮವೂ ಮುಖ್ಯ. ಮೊದಲು ಬೂಟ್, ಆಮೇಲೆ ಮುಖ್ಯ ಭಾಗ ಎಂದು ಹಿಂದುಮುಂದಾದರೆ ಎರಡನೆಯದು ಮೊದಲನೆಯದನ್ನು ಮುಚ್ಚಿಬಿಡುತ್ತದೆ. ಹುಡುಗ ಕ್ರಮವನ್ನು ಸರಿಯಾಗಿಯೇ ಬರೆದಿದ್ದ.

ಆದರೆ ಆಫೀಸಿಗೆ ಹೋದ ಆ ಒಂದು ಯಂತ್ರದ ಡಿಸ್ಕು ಉಳಿದವಕ್ಕಿಂತ ನಿಧಾನ. ಭಾಗ ಮಾಡಿದ ಮೇಲೆ ‘ಬೂಟಿನ ಭಾಗ ಇದು’ ಎಂದು ಗುರುತಿಸಿಕೊಳ್ಳಲು ಅದಕ್ಕೆ ಒಂದೆರಡು ಸೆಕೆಂಡು ಬೇಕಿತ್ತು. ಚೀಟಿ ಕಾಯಲಿಲ್ಲ. ಮೌಂಟ್ ಮಾಡು ಎಂಬ ಸಾಲು ಬಂದಾಗ ಆ ಭಾಗ ಸಿಗಲಿಲ್ಲ; ಸಾಲು ಸೋತಿತು. ಮುಂದಿನ ಸಾಲು, ಏನೂ ಆಗದವರ ಹಾಗೆ, ಎಲ್ಲವನ್ನೂ ಖಾಲಿ ಗೂಡಿನೊಳಕ್ಕೇ ಸುರಿಯಿತು. ಪಟ್ಟಿ ಬರೆಯುವ ಹೊತ್ತಿಗೆ ಡಿಸ್ಕು ಎಚ್ಚೆತ್ತಿತ್ತು. ಪಟ್ಟಿಯಲ್ಲಿ ಬೂಟಿನ ಭಾಗದ ಹೆಸರೂ ಸೇರಿತು. ಎಬ್ಬಿಸುವವನಿಗೆ ಮಾತ್ರ ಗೋಡೆಯ ಗೂಡನ್ನೇ ತೋರಿಸಲಾಯಿತು. ಯಂತ್ರ ಎದ್ದಾಗಲೆಲ್ಲ ಗೂಡಿನಲ್ಲಿದ್ದ ಕರ್ನೆಲ್ಲಿನಿಂದ ಎದ್ದು, ಎದ್ದ ಮೇಲೆ ಪಟ್ಟಿ ಓದಿ ಖಾಲಿ ಪೆಟ್ಟಿಗೆಯೊಂದನ್ನು ಅದೇ ಗೂಡಿಗೆ ತಳ್ಳಿಕೊಳ್ಳುತ್ತಿತ್ತು. ಹೊರಗಿನಿಂದ ನೋಡುವವರಿಗೆ ಎಲ್ಲವೂ ನೆಟ್ಟಗಿತ್ತು. ಏಳು ತಿಂಗಳು ಹಾಗೇ ನಡೆಯಿತು.

2023ರ ಜೂನಿನಲ್ಲಿ ಶಾಲೆ ತೆರೆದಾಗ ಟೀಚರು, ನನ್ನ ಸೋದರಳಿಯ ಬರೆದುಕೊಟ್ಟಿದ್ದಂತೆಯೇ, ‘ಟರ್ಮಿಗೊಮ್ಮೆ ಅಪ್‌ಡೇಟ್’ ಮಾಡಿದರು. ಅವನು ಆರಿಸಿಕೊಂಡಿದ್ದ ಲಿನಕ್ಸು ಹಳೆಯ ಕರ್ನೆಲ್ಲನ್ನು ಅದರ ಬಿಡಿಭಾಗಗಳ ಸಮೇತ ತೆಗೆದು ಹೊಸದನ್ನಿಡುವ ಜಾತಿಯದು. ಶಾಲೆಗೆ ಅಂಥದ್ದನ್ನು ಯಾಕೆ ಆರಿಸಿದನೋ, ಹುಡುಗರ ರುಚಿ. ಹೊಸ ಕರ್ನೆಲ್ಲು ಪೆಟ್ಟಿಗೆಗೆ ಬಿತ್ತು, ಹೊಸ ಬಿಡಿಭಾಗಗಳು ಮನೆಯೊಳಗೆ ಕೂತವು. ಮಾರನೆಯ ದಿನ ಯಂತ್ರ ಎದ್ದದ್ದು ಪೆಟ್ಟಿಗೆಯ ಹಿಂದಿನ ಹಳೆಯ ಕರ್ನೆಲ್ಲಿನಿಂದ. ಅದಕ್ಕೆ ಬೇಕಾದ ಬಿಡಿಭಾಗಗಳು ಮನೆಯಲ್ಲಿ ಈಗ ಇಲ್ಲ. ಪರದೆ ಬಂತು, ಕೀಲಿಮಣೆ ಬಂತು, ಇಂಟರ್ನೆಟ್ಟು ಬರಲಿಲ್ಲ.

ಇಲ್ಲಿಂದ ಮುಂದಿನದು ಯಂತ್ರದ ವಿಷಯವಲ್ಲ. ‘ಮೇಡಂ ಏನೋ ಒತ್ತಿದರು’ ಎಂದು ಶಾಲೆಯಲ್ಲಿ ಸುದ್ದಿಯಾಯಿತು. ಸುಳ್ಳೇನಲ್ಲ; ಅವರು ಒತ್ತಿದ್ದೂ ನಿಜ, ಒತ್ತಿದ ಮೇಲೆ ಕೆಟ್ಟದ್ದೂ ನಿಜ. ನನ್ನ ಸೋದರಳಿಯನಿಗೆ ಫೋನು ಮಾಡಿದರೆ, ‘ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿರಬೇಕು, ಇಲ್ಲಾ ಕೇಬಲ್ ಹೋಗಿರಬೇಕು’ ಎಂದ. ಅಂದರೆ ಅಲ್ಲಿದ್ದವರ ಕಡೆಯಿಂದಲೇ ಏನೋ ಆಗಿರಬೇಕು. ಉಳಿದ ಐದನ್ನೂ ಕೆಡಿಸುವುದು ಬೇಡವೆಂದು ಮಕ್ಕಳ ಕೋಣೆಗೆ ಬೀಗ ಬಿತ್ತು. ಅತಿಥಿ ಶಿಕ್ಷಕಿ ಎಂದರೆ ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲದವರು. ಅಂಥವರು ‘ನಾನು ಹೇಳಿದ ಹಾಗೇ ಮಾಡಿದೆ’ ಎಂದು ಎಷ್ಟು ಸಲ ಹೇಳಬಹುದು? ಎರಡು ಸಲ ಹೇಳಿ ಸುಮ್ಮನಾದರಂತೆ. ಈ ನಡುವೆ ಒಂದು ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಬಂತು. ಶಾಲೆಯಲ್ಲಿ ಆಗಲಿಲ್ಲವೆಂದು ಟೀಚರೇ ಅವಳನ್ನು ಬಸ್ಸಿನಲ್ಲಿ ಆಲೂರಿಗೆ ಕರೆದುಕೊಂಡು ಹೋದರು. ಓಟಿಪಿ ಬರುವುದು ತಾಯಿಯ ಮೊಬೈಲಿಗಾದ್ದರಿಂದ ತಾಯಿಯೂ ಹೋಗಬೇಕಾಯಿತು. ಎಸ್ಟೇಟಿನಲ್ಲಿ ಕೂಲಿ ಮಾಡುವ ಹೆಂಗಸು; ಅವತ್ತಿನ ಕೂಲಿ ಹೋಯಿತು.

ಒಂದೆರಡು ಸೆಕೆಂಡು ತಡವಾಗಿ ಎಚ್ಚೆತ್ತ ಡಿಸ್ಕಿನ ಬೆಲೆಯನ್ನು ಕೊಟ್ಟವರು ಯಾರು ಯಾರು ಎಂದು ನೋಡಿ. ಸ್ಕ್ರಿಪ್ಟು ಬರೆದವನು ಆ ಪಟ್ಟಿಯಲ್ಲಿಲ್ಲ.

2023ರ ದೀಪಾವಳಿಗೆ ಬಂದವನನ್ನು ನಾನೇ ಜೀಪಿನಲ್ಲಿ ಶಾಲೆಗೆ ಕರೆದುಕೊಂಡು ಹೋದೆ. ಒಂದು ಗಂಟೆ ಅದೂ ಇದೂ ನೋಡಿದ. ಆಮೇಲೆ ‘ಮೇಲಿರೋದನ್ನ ಇಳಿಸಿ ನೋಡ್ತೀನಿ ಮಾವ’ ಎಂದು ಏನೋ ಟೈಪು ಮಾಡಿದ. ಪೆಟ್ಟಿಗೆ ಈಚೆ ಬಂತು. ಅದರ ಹಿಂದೆ ಗೂಡಿನಲ್ಲಿ ಹಿಂದಿನ ದೀಪಾವಳಿಯ ತಾರೀಕು ಹೊತ್ತ ಸಾಮಾನುಗಳು ಹಾಗೇ ಕೂತಿದ್ದವು. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸ್ಕ್ರಿಪ್ಟನ್ನು ಇನ್ನೊಮ್ಮೆ ತೆರೆದು ನನಗೂ ತೋರಿಸಿದ. ಸೋತ ಸಾಲಿನ ಮುಂದೆ ನಿಲ್ಲದೆ ಮುಂದಕ್ಕೆ ಹೋಗುವುದು ಇಂಥ ಚೀಟಿಗಳ ಹುಟ್ಟುಗುಣವಂತೆ. ನಿಲ್ಲಬೇಕೆಂದರೆ ‘ಯಾವುದಾದರೂ ಸಾಲು ಸೋತರೆ ಅಲ್ಲೇ ನಿಲ್ಲು’ ಎಂದು ಮೇಲೆ ಒಂದು ಸಾಲು ಬರೆಯಬೇಕು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂದಾಗಿನಿಂದ ಈ ಸೌಕರ್ಯ ಇದೆ. ಇದೆ ನಿಜ, ಕೇಳಿದವರಿಗೆ ಮಾತ್ರ. ಈ ಸಾಲನ್ನು ಅವನು ಬರೆದಿರಲಿಲ್ಲ. ಇದನ್ನು ಮರೆವೆಂದು ಬಿಡಬಹುದು. ಆದರೆ ಸೋತ ಸಾಲು ಸುಮ್ಮನಿರುವುದಿಲ್ಲವಲ್ಲ, ‘ಇಂಥ ಭಾಗ ಸಿಗಲಿಲ್ಲ’ ಎಂದು ಪರದೆಯ ಮೇಲೆ ಹೇಳುತ್ತದೆ. ಟೀಚರು ಅದನ್ನು ನೋಡಲಿಲ್ಲವೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಆ ದೂರಿನ ಮಾತುಗಳನ್ನೆಲ್ಲ ಪರದೆಗೆ ಬರದಂತೆ ‘ನಲ್’ ಎಂಬ ಗುಂಡಿಗೆ ಹರಿಯಬಿಟ್ಟಿದ್ದ. ಯುನಿಕ್ಸಿನಲ್ಲಿ ಹೀಗೊಂದು ತಳವಿಲ್ಲದ ಗುಂಡಿ ಇದೆ. ಅದಕ್ಕೆ ಏನು ಹಾಕಿದರೂ ಹೋಯಿತು, ಮತ್ತೆ ಸಿಗುವುದಿಲ್ಲ.

‘ಯಾಕೋ?’ ಎಂದೆ.

‘ಇಂಗ್ಲಿಷಲ್ಲಿ ಏನೇನೋ ಬರುತ್ತೆ ಮಾವ, ಮೇಡಂ ಹೆದರಿಕೊಳ್ತಾರೆ ಅಂತ.’

ನನಗೆ ಇಡೀ ಪ್ರಕರಣದಲ್ಲಿ ಗಂಟಲಿಗೆ ಸಿಕ್ಕಿಕೊಂಡದ್ದು ಇದು. ಅವನಿಗಿದ್ದದ್ದು ದಯೆ. ಇನ್ನೊಬ್ಬರಿಗೆ ಗಾಬರಿಯಾಗಬಾರದೆಂಬ ಒಳ್ಳೆಯ ಮನಸ್ಸು. ಆ ದಯೆಯೇ ಟೀಚರ ಕೈಯಲ್ಲಿದ್ದ ಏಕೈಕ ಸಾಕ್ಷಿಯನ್ನು ಗುಂಡಿಗೆ ಹಾಕಿತು. ಅವತ್ತು ಪರದೆಯ ಮೇಲೆ ಒಂದು ಸಾಲು ಕಂಡಿದ್ದರೆ, ಅರ್ಥವಾಗದಿದ್ದರೂ ಅವರು ಅದನ್ನು ಬರೆದಿಟ್ಟುಕೊಳ್ಳುತ್ತಿದ್ದರು, ಫೋನಿನಲ್ಲಿ ಓದಿ ಹೇಳುತ್ತಿದ್ದರು. ‘ಅವರಿಗೆ ತಿಳಿಯುವುದಿಲ್ಲ, ಯಾಕೆ ಹೇಳಿ ಗಾಬರಿ ಮಾಡುವುದು’ ಎಂಬುದು ದೊಡ್ಡವರು ಚಿಕ್ಕವರ ಬಗ್ಗೆ, ಡಾಕ್ಟರು ರೋಗಿಯ ಬಗ್ಗೆ, ಯಜಮಾನರು ಆಳುಗಳ ಬಗ್ಗೆ, ಗಂಡಸರು ಹೆಂಗಸರ ಬಗ್ಗೆ ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಇದರಲ್ಲಿ ಪ್ರೀತಿ ಎಷ್ಟು, ತಾತ್ಸಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಗೊತ್ತಿದ್ದೂ ಮಾಡಿದ ತಾತ್ಸಾರವಾದರೆ ಬೈಯಬಹುದು. ಇದು ಹಾಗಲ್ಲವಾದ್ದರಿಂದ ಬೈಯುವುದಕ್ಕೂ ಬಾಯಿ ಬರುವುದಿಲ್ಲ.

ನಮ್ಮ ಕಡೆ ದೂರದಿಂದ ಅಪ್ಪಣೆ ಕೊಡುವುದು ಹೊಸದೇನಲ್ಲ. ಅರ್ಧ ತೋಟಗಳ ಸಾಹುಕಾರರು ಬೆಂಗಳೂರಿನಲ್ಲೋ ಹಾಸನದಲ್ಲೋ ಇರುತ್ತಾರೆ. ಅವರು ರೈಟರಿಗೆ ಹೇಳುತ್ತಾರೆ, ರೈಟರು ಮೇಸ್ತ್ರಿಗೆ, ಮೇಸ್ತ್ರಿ ಆಳುಗಳಿಗೆ. ಮೇಲಿನಿಂದ ಕೆಳಗೆ ಇಳಿಯುವಾಗ ‘ಆದರೆ’ಗಳು ಒಂದೊಂದಾಗಿ ಉದುರುತ್ತವೆ. ‘ಮಣ್ಣು ಹಸಿಯಿದ್ದರೆ ಗೊಬ್ಬರ ಹಾಕಿಸಿ’ ಎಂದು ಹೊರಟ ಮಾತು ಆಳನ್ನು ಮುಟ್ಟುವಾಗ ‘ಗೊಬ್ಬರ ಹಾಕಿ’ ಎಂದಾಗಿರುತ್ತದೆ. ಗೊಬ್ಬರ ಸುಟ್ಟು ಗಿಡ ಬಾಡಿದರೆ ಬೈಗುಳ ಮಾತ್ರ ಒಂದಕ್ಷರವೂ ಉದುರದೆ ಕೆಳಗಿನ ತನಕ ಬರುತ್ತದೆ.

ಹೀಗಿದ್ದರೂ ‘ಆದರೆ’ ಉದುರದ ಒಂದು ಅಪ್ಪಣೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬೋರ್ಡೋ ದ್ರಾವಣ ಮಾಡುವ ವಿಧಾನ ಅದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಔಷಧಿ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸುವುದನ್ನು ನಮ್ಮ ರೈತರಿಗೆ ಕಲಿಸಿದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದರ ಹಿಂದೆ ಇದ್ದವರೂ ಅವರೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಇಷ್ಟೇ ಆಗಿದ್ದರೆ ಇದೂ ಒಂದು ಸ್ಕ್ರಿಪ್ಟು. ಆದರೆ ಕೊನೆಯಲ್ಲಿ ಇನ್ನೊಂದಿದೆ. ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದರ್ಥ. ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಬೇಕು. ಕೆಂಪು ಹತ್ತದ ತನಕ ಪಂಪಿಗೆ ಕೈ ಹಾಕುವಂತಿಲ್ಲ.

ಅಕ್ಷರ ಬಾರದ ಆಳುಗಳು ಈ ಚಾಕುವಿನ ಪರೀಕ್ಷೆಯನ್ನು ತಪ್ಪದೆ ಮಾಡುವುದನ್ನು ನೋಡಿದ್ದೇನೆ. ಮೇಸ್ತ್ರಿ ಅವಸರ ಮಾಡಿದರೆ ಅಲಗನ್ನು ಅವನ ಮೂಗಿನ ಮುಂದೆ ಹಿಡಿದು, ‘ನೋಡಿ ಮೇಸ್ತ್ರಿ, ಕೆಂಪಗೈತೆ’ ಎಂದು ನಿಂತುಬಿಡುತ್ತಾರೆ. ಮೇಸ್ತ್ರಿಯೂ ಎದುರಾಡುವಂತಿಲ್ಲ. ಸುಣ್ಣ ಊರೂರಿಗೆ ಬೇರೆ, ಒಂದರಲ್ಲಿ ಸತ್ವವಿರುತ್ತದೆ, ಇನ್ನೊಂದರಲ್ಲಿ ಅರ್ಧ ಮಣ್ಣು. ದೂರದಲ್ಲಿ ಕೂತು ವಿಧಾನ ಬರೆದವನಿಗೆ ಇಲ್ಲಿನ ಸುಣ್ಣ ಗೊತ್ತಿಲ್ಲ. ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಚಾಕುವನ್ನು ಮಾಡುವವನ ಕೈಗೇ ಕೊಟ್ಟ. ಮೌಂಟ್ ಆಯಿತೇ ಇಲ್ಲವೇ ಎಂದು ನೋಡುವುದಕ್ಕೂ ಲಿನಕ್ಸಿನಲ್ಲಿ ಒಂದು ಪುಟ್ಟ ಆಜ್ಞೆ ಇದೆಯಂತೆ. ಗೂಡಿನಲ್ಲಿ ಪೆಟ್ಟಿಗೆ ಕೂತಿದೆಯೋ ಇಲ್ಲವೋ, ಹೌದು ಅಥವಾ ಇಲ್ಲ ಎನ್ನುತ್ತದೆ. ಒಂದು ಸಾಲಿನ ಕೆಲಸ.

ಅಪ್ಪಣೆ ಪಾಲಿಸುವವರಲ್ಲಿ ನಮ್ಮ ಪುರಾಣಗಳು ಹೊಗಳುವುದು ಪರಶುರಾಮನನ್ನು. ತಾಯಿಯ ತಲೆ ಕಡಿ ಎಂದು ಜಮದಗ್ನಿ ಹೇಳಿದ, ಅಣ್ಣಂದಿರು ಕೈ ಎತ್ತಲಾರದೆ ನಿಂತು ಶಾಪ ಉಂಡರು, ಪರಶುರಾಮ ಕಡಿದ. ಮೆಚ್ಚಿದ ತಂದೆ ವರ ಕೇಳು ಎಂದಾಗ ತಾಯಿ ಮತ್ತೆ ಬದುಕಲಿ ಎಂದು ಕೇಳಿಕೊಂಡ. ಕತೆ ಸುಖಾಂತ, ಏಕೆಂದರೆ ಎದುರಿಗೆ ವರ ಕೊಡಬಲ್ಲ ಋಷಿ ಇದ್ದ. ಮಾಡಿದ್ದನ್ನು ಇಲ್ಲವಾಗಿಸುವ ವರ ಇಲ್ಲದಿದ್ದರೆ ಆ ವಿಧೇಯತೆಯನ್ನು ಏನೆಂದು ಕರೆಯುತ್ತಿದ್ದೆವು?

ಮಹಾಭಾರತದ ಶಾಂತಿಪರ್ವದಲ್ಲಿ ಇದೇ ಕತೆಯ ಇನ್ನೊಂದು ಮುಖವಿದೆ. ಅಷ್ಟು ಪ್ರಸಿದ್ಧವಲ್ಲ. ಗೌತಮನ ಮಗ ಚಿರಕಾರಿ, ಎಲ್ಲವನ್ನೂ ನಿಧಾನವಾಗಿ ಯೋಚಿಸಿ ಮಾಡುವವನಾದ್ದರಿಂದ ಆ ಹೆಸರು. ಜನ ಸೋಮಾರಿ ಎಂದೂ ಆಡಿಕೊಳ್ಳುತ್ತಿದ್ದರು. ತಂದೆ ಕೋಪದಲ್ಲಿ ‘ನಿನ್ನ ತಾಯಿಯನ್ನು ಕೊಲ್ಲು’ ಎಂದು ಹೇಳಿ ಕಾಡಿಗೆ ಹೊರಟುಹೋದ. ಹೇಳಿ ಹೋದ ಎಂಬುದನ್ನು ಗಮನಿಸಬೇಕು. ಚಿರಕಾರಿ ಆಯುಧ ಹಿಡಿದು ನಿಂತು ಯೋಚಿಸತೊಡಗಿದ. ತಂದೆಯ ಮಾತು ಮೀರುವುದು ಹೇಗೆ, ತಾಯಿಯನ್ನು ಕೊಲ್ಲುವುದು ಹೇಗೆ ಎಂದು ಬಹಳ ಹೊತ್ತು ಯೋಚಿಸಿದ. ಅಷ್ಟರಲ್ಲಿ ಕಾಡಿನಲ್ಲಿ ತಂದೆಗೆ ಕೋಪ ಇಳಿದು ಎದೆ ಒಡೆದಂತಾಗಿ, ಮಗ ತನ್ನ ಹೆಸರಿಗೆ ತಕ್ಕಂತೆ ನಿಧಾನಿಸಿರಲಿ ಎಂದು ಬೇಡಿಕೊಳ್ಳುತ್ತ ಓಡಿಬಂದ. ಮಗ ಆಯುಧ ಕೆಳಗಿಟ್ಟು ನಮಸ್ಕರಿಸಿದ. ತಾಯಿ ಬದುಕಿದ್ದಳು.

ಹೇಳುವುದು ನಿಮಿಷದ ಕೆಲಸ. ಹೇಳಿದವನ ವಿವೇಕ ಹಿಂದಿರುಗಲು ಹೊತ್ತು ಬೇಕು. ಅಪ್ಪಣೆಗೂ ಅದರ ಪಾಲನೆಗೂ ನಡುವೆ ಆ ಹೊತ್ತನ್ನು ಹಿಡಿದಿಡುವವರು ಯಾರಾದರೂ ಇರಬೇಕು. ಮನುಷ್ಯರ ನಡುವೆ ಚಿರಕಾರಿಗಳು ಅಲ್ಲಲ್ಲಿ ಹುಟ್ಟುತ್ತಾರೆ, ಸೋಮಾರಿ ಎನ್ನಿಸಿಕೊಂಡರೂ. ಯಂತ್ರಗಳಲ್ಲಿ ತಾನಾಗಿ ಹುಟ್ಟುವುದಿಲ್ಲ. ಬರೆಯುವವನೇ ಬರೆದು ಹುಟ್ಟಿಸಬೇಕು. ಹಾಗಾಗಿ, ಮಾಡಿದವನ ಹೊಣೆಯಲ್ಲಿ ಒಂದಷ್ಟು ಪಾಲು ಮನುಷ್ಯನಿಗೆ ಹೇಳಿದಾಗ ಕೇಳಿದವನಿಗೆ ಸೇರಬಹುದು. ಯಂತ್ರಕ್ಕೆ ಹೇಳಿದಾಗ ಆ ಪಾಲೂ ಹೇಳಿದವನಿಗೇ ಬರುತ್ತದೆ ಎಂದು ನನ್ನ ಲೆಕ್ಕ.

ನನ್ನ ಸೋದರಳಿಯ ಇದನ್ನು ಸುಲಭವಾಗಿ ಒಪ್ಪಲಿಲ್ಲ. ‘ಬಿಟ್ಟಿಯಾಗಿ ಮಾಡಿಕೊಟ್ಟದ್ದಲ್ವಾ ಮಾವ’ ಎಂಬುದು ಅವನ ಮೊದಲ ಮಾತು.